ಗಂಗಮ್ಮನ ಮೂಲೆಕೋಣೆ

“ಮಣ್ಣು ತೆಗೀರಿ, ಗೋಡೆ ಕಟ್ಟಿ, ಹಂಚು ಹೊದಿಸಿ. ಆದ್ರೆ ಆ ಮೂಲೆಕೋಣೆಗೆ ಮಾತ್ರ ನೀವು ಕಾಲಿಡ್ಬೇಡಿ ಮಗ. ಅಲ್ಲಿ ಮಾಟ ಉಂಟು. ಒಳಗೆ ಹೋದವರನ್ನು ಅದು ಬಿಡುದಿಲ್ಲ.”

ಗಂಗಮ್ಮ ಇಷ್ಟನ್ನು ಕೆಲಸದವರ ಕಿವಿಗೆ ಬೀಳದ ಹಾಗೆ, ಅನಿಲ್‌ಕುಮಾರನೊಬ್ಬನನ್ನೇ ಅಂಗಳದ ಅಂಚಿಗೆ ಕರೆದು, ಅವನ ಕಣ್ಣನ್ನೇ ನೋಡುತ್ತ ಹೇಳಿದಳು. ಹೇಳಿ ಕೈ ಮುಗಿದಳು.

ಅನಿಲ್ ಗಟ್ಟಿಯಾಗಿ ನಕ್ಕುಬಿಟ್ಟ. “ಮಾಟ ಇದ್ರೆ ಇರ್ಲಿ ಬಿಡಮ್ಮ, ಅದ್ರ ಮೇಲೂ ಎರಡು ಕೋಟ್ ಪೇಂಟ್ ಹೊಡೆದ್ಬಿಡಣ.”

ಗಂಗಮ್ಮ ನಗಲಿಲ್ಲ. ಅವಳ ಮುಖದಲ್ಲಿ ಏನೋ ಒಂದು ಸಡಿಲವಾಯಿತು. ಅದನ್ನವನು ಮುಪ್ಪಿನ ಆಯಾಸವೆಂದುಕೊಂಡ.

ಸಂಪಾಜೆಯ ಮೇಲಿನ ಗುಡ್ಡ ಜಾರಿ ಆ ಮನೆಯ ಹಿಂಭಾಗವನ್ನೆಲ್ಲ ನುಂಗಿತ್ತು. ಗಂಗಮ್ಮನ ಮಗ ಶಶಿಧರ ಆ ಮಣ್ಣಿನಡಿಯಲ್ಲೇ ತೀರಿಕೊಂಡ. ಊರವರೆಲ್ಲ ಪರಿಹಾರ ಕೇಂದ್ರಕ್ಕೆ ಹೋದರೂ ಅವಳು ಹೋಗಲಿಲ್ಲ; ಅಂಗಳದ ಕೊಟ್ಟಿಗೆಯಲ್ಲೇ ಒಲೆ ಹೂಡಿದಳು. ಹಟಮಾರಿ ಮುದುಕಿ ಎಂದು ಜನ ಬೈದರು. ಮನೆ ಸರಿಪಡಿಸಲು ಕರೆಸಿದ ಕಂಟ್ರಾಕ್ಟರುಗಳೋ, ಮೂಲೆಕೋಣೆಯ ಮಾತು ಕೇಳಿದ್ದೇ ಗುದ್ದಲಿ ಪಿಕಾಸಿ ಜೀಪಿಗೆ ಎಸೆದು ತಿರುಗಿ ನೋಡದೆ ಹೋಗಿದ್ದರು. ಕೊನೆಗೆ ಬಂದವನು ಶನಿವಾರಸಂತೆಯ ಅನಿಲ್. ಕುಸಿದ ಮನೆಗಳನ್ನು ಎತ್ತಿ ನಿಲ್ಲಿಸುವುದೇ ಅವನ ಕಸುಬು.

ಕೆಲಸ ಸಾಗಿತು. ಆಳು ಚೋಮ ಎಲ್ಲ ಕೋಣೆಗಳ ಮಣ್ಣನ್ನೂ ಬುಟ್ಟಿಯಲ್ಲಿ ಹೊತ್ತು ಹಾಕಿದ, ಮೂಲೆಕೋಣೆಯದನ್ನೂ. ಒಳಗೆ ಹೋಗುವಾಗಲೂ ಹಾಡು, ಬರುವಾಗಲೂ ಹಾಡು. ಸಂಜೆ ಬೀಡಿ ಹಚ್ಚಿಕೊಂಡು ಸುಖವಾಗಿ ಮನೆಗೆ ಹೋಗುತ್ತಿದ್ದ. ಮಾಟವೆಲ್ಲ ಸುಳ್ಳೆನ್ನಲು ಅನಿಲ್‌ಗೆ ಅಷ್ಟೇ ಸಾಕಾಯಿತು.

ಕೆಲಸ ಮುಗಿಯುವ ದಿನ ಬೆಳಿಗ್ಗೆ ಅವನ ಹೆಂಡತಿ ವಿನುತಾಳನ್ನು ಹೆರಿಗೆಗೆಂದು ಮಡಿಕೇರಿಯ ಆಸ್ಪತ್ರೆಗೆ ಸೇರಿಸಿದ್ದರು. “ಮಧ್ಯಾಹ್ನದೊಳಗೆ ನಿನ್ನ ಪಕ್ಕ ಇರ್ತೀನಿ” ಎಂದು ಮಾತು ಕೊಟ್ಟು ಬಂದಿದ್ದ. ಕೆಲಸ ಒಪ್ಪಿಸಿ ಹೊರಡುವವನಿದ್ದಾಗ ಒಳಗಿನಿಂದ ಚೋಮ ಕೂಗಿದ.

“ಸಾರ್, ಇಲ್ಲೊಂದು ಬೊಂಬೆ ಉಂಟು. ನಾನು ಮುಟ್ಟುದಿಲ್ಲಪ್ಪ, ನೀವೇ ನೋಡಿ.”

ಅನಿಲ್ ಮೂಲೆಕೋಣೆಯ ಹೊಸ್ತಿಲಿಗೆ ಬಂದ. ಬೆನ್ನ ಹಿಂದೆ ಗಂಗಮ್ಮ ನಿಂತಿದ್ದಳು.

“ನಾನು ಹೇಳಿದ್ದೇನೆ ಮಗ. ನೆನಪುಂಟಲ್ಲಾ?”

“ನೆನಪಿಟ್ಕೊಂಡೇ ಹೋಗ್ತಿದೀನಿ ಕಣಮ್ಮ” ಎಂದು ಕಣ್ಣು ಮಿಟುಕಿಸಿ, ಅವನು ಹೊಸ್ತಿಲು ದಾಟಿದ.

ಒಳಗೆ ಹಸಿಮಣ್ಣಿನ ಥಂಡಿ. ಅದರೊಳಗಿಂದ ಸುಟ್ಟ ಕೂದಲಿನ ವಾಸನೆ. ಗೋಡೆಯ ಬುಡದಲ್ಲಿ ಕಾಸರಕದ ಮರದ ಬೊಂಬೆ, ಅದರ ಎರಡು ಪಾದಗಳಿಗೂ ಜಡಿದ ತುಕ್ಕು ಮೊಳೆ. ಕುತ್ತಿಗೆಗೆ ಸುತ್ತಿದ್ದ ಹೆಂಗಸಿನ ನೆರೆಗೂದಲು ಅವನು ನೋಡುತ್ತಿದ್ದ ಹಾಗೆಯೇ ತಾನಾಗಿ ಬಿಚ್ಚಿ ಕೆಳಗೆ ಬಿತ್ತು. ಗಾಳಿ ಇರಲಿಲ್ಲ.

ಹೊರಗೆ ಗಂಗಮ್ಮ ಅಳುತ್ತಿದ್ದಳು. ಅಳುತ್ತಲೇ ಅಂಗಳ ದಾಟಿದಳು. ಗೇಟು ತೆಗೆದು ರಸ್ತೆಯ ಮೇಲೆ ನಿಂತು, ತನ್ನ ಪಾದಗಳನ್ನೇ ನೋಡಿಕೊಂಡಳು.

ಅನಿಲ್ ಹೊರಬಂದು ಜೀಪಿನತ್ತ ನಡೆದ. ಮಂಜು ಇಳಿಯುತ್ತಿತ್ತು. ಅಂಗಳದ ಅಂಚಿಗೆ ಬಂದು ಕಾಲೆತ್ತಿಟ್ಟ. ಕಾಲು ಊರಿದ್ದು ತಣ್ಣನೆಯ ಮಣ್ಣಿನ ಮೇಲೆ. ಎದುರಿಗೆ ಬೊಂಬೆ.

“ಯಾಕೆ ಸಾರ್ ವಾಪಸ್ ಒಳಗೆ ಹೋದ್ರಿ?” ಚೋಮ ಕೇಳಿದ.

ಮತ್ತೆ ನಡೆದ. ಮತ್ತೆ ಬೊಂಬೆ. ಓಡಿದ. ಬೊಂಬೆ. ಬೇಲಿ ಹಾರಿದ. ಬೊಂಬೆ. ಚೋಮ ರಟ್ಟೆ ಹಿಡಿದು ಎಳೆದ. ಅನಿಲ್‌ನ ಕಾಲುಗಳು ಚೋಮನನ್ನೇ ದರದರ ಎಳೆದುಕೊಂಡು ಒಳಕ್ಕೆ ಬಂದವು. ಅನಿಲ್ ಕಿರುಚಿದ. ಮಂಜು ಆ ಕಿರುಚಾಟವನ್ನು ಗೇಟಿನಾಚೆ ಬಿಡಲಿಲ್ಲ. ಚೋಮ ಕೈ ಬಿಟ್ಟು ಓಡಿಹೋದ.

ರಸ್ತೆಯಿಂದ ಗಂಗಮ್ಮನ ದನಿ ಮೆಲ್ಲಗೆ ಬಂತು.

“ನಾನು ಸುಳ್ಳು ಹೇಳ್ಲಿಲ್ಲ ಮಗ. ಮದುವೆಯಾಗಿ ಬಂದ ದಿನ ನನ್ನತ್ತೆಯೂ ನಂಗೆ ಹೀಗೇ ಹೇಳಿದ್ರು. ನಾನೂ ನಕ್ಕು ಒಳಗೆ ಹೋದೆ. ಗುಡ್ಡ ಬಿದ್ದಾಗ ಎಲ್ಲರೂ ಓಡಿದ್ರು, ನನ್ನ ಕಾಲು ಅಂಗಳ ದಾಟ್ಲಿಲ್ಲ. ನನ್ನನ್ನು ಎಳೆಯಲು ಬಂದೇ ಶಶಿ ಸತ್ತದ್ದು. ಗೊತ್ತಿಲ್ಲದೆ ಬಂದವರನ್ನು ಈ ಮನೆ ಹಿಡಿಯುದಿಲ್ಲ. ಕೇಳಿಯೂ ಬಂದವನೇ ಬೇಕು ಅದಕ್ಕೆ. ಹಾಗೆ ಯಾರಾದ್ರೂ ಬಂದ್ರೆ ನಿಮಗೂ ಬಿಡುಗಡೆ. ಕಾವೇರಮ್ಮ ನನ್ನನ್ನು ಕ್ಷಮಿಸ್ಲಿ.”

ಅವಳು ಇಳಿಜಾರಿನಲ್ಲಿ ಕರಗಿಹೋದಳು.

ಹಗಲುಗಳು ಕಳೆದವು. ಅನಿಲ್ ಕೊಟ್ಟಿಗೆಯಲ್ಲಿ ಉಳಿದಿದ್ದ ಅಕ್ಕಿ ಬೇಯಿಸಿಕೊಂಡ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಆಮೇಲೆ ಜೀವವೂ ಇರಲಿಲ್ಲ. ತಾನೇ ಕಟ್ಟಿಸಿದ ಗೋಡೆಯ ಸಿಮೆಂಟಿನ ವಾಸನೆಯಲ್ಲಿ ಮಲಗಿದ, ಎದ್ದ. ಎಲ್ಲಿ ಮಲಗಿದರೂ ಎದ್ದದ್ದು ಮೂಲೆಕೋಣೆಯಲ್ಲೇ.

ಒಂದು ಮಧ್ಯಾಹ್ನ ಅವನು ಮೂಲೆಕೋಣೆಯಲ್ಲಿದ್ದಾಗ ಗೇಟಿನ ಸದ್ದಾಯಿತು.

“ರೀ...”

ವಿನುತಾ. ಬಿಳಿಚಿದ ಮುಖ, ತಲೆಗೆ ಕಟ್ಟಿದ ಬಟ್ಟೆ, ಎದೆಗವಚಿದ ಗಂಟು. ಅಂಗಳ ದಾಟಿ, ಮನೆಯೊಳಗೆ ಬಂದು, ಮೂಲೆಕೋಣೆಯ ಹೊಸ್ತಿಲ ಮುಂದೆ ನಿಂತಳು.

“ಮಗಳು ಕಣ್ರೀ. ನಿಮ್ಮದೇ ಮೂಗು. ನೋಡಕ್ಕೂ ಬರ್ಲಿಲ್ವಲ್ಲ ನೀವು. ಹಸಿಮೈಯಲ್ಲಿ ಹುಡುಕ್ಕೊಂಡ್ ಬರೋ ಹಂಗ್ ಮಾಡ್ಬಿಟ್ರಿ.”

“ನೀನು ಹೋಗು.”

“ಯಾಕೆ? ಏನಿದೆ ಇಲ್ಲಿ?”

ಗಂಟಲಲ್ಲಿ ಏನೋ ಅಲ್ಲಾಡಿತು. ಅದು ಅವನದಲ್ಲದ ಮಾತು. ‘ಒಳಗೆ ಬರಬೇಡ, ಇಲ್ಲಿ ಮಾಟ ಇದೆ.’ ಹುಳದ ಹಾಗೆ ಮೇಲೇರಿತು. ಹೇಳಿದರೆ ಇವಳು ನಂಬುವವಳಲ್ಲ. ನಕ್ಕು ಒಳಗೆ ಬರುತ್ತಾಳೆ. ಕೈ ಹಿಡಿದು ಎಳೆಯುತ್ತಾಳೆ. ಅವನ ಕಾಲು ಅಂಗಳ ದಾಟುತ್ತದೆ. ಇವಳದು ದಾಟುವುದಿಲ್ಲ.

ಮಾತು ನಾಲಗೆಗೆ ಬಂತು. ತುಟಿ ತಾನಾಗಿ ಬಿಚ್ಚಿತು.

“ಒಳಗೆ...”

“ಒಳಗೆ ಏನು? ಹೇಳ್ರೀ!”

ಅನಿಲ್ ಕುಸಿದು ಕೂತ. ಗೋಡೆಯ ಬುಡದಲ್ಲಿ ಉಳಿದಿದ್ದ ರಾಶಿಯಿಂದ ಒಂದು ಹಿಡಿ ಮಣ್ಣು ಬಾಚಿ ಬಾಯಿಗೆ ತುರುಕಿಕೊಂಡ. ಇನ್ನೊಂದು ಹಿಡಿ. ಕಲ್ಲು, ಬೇರು, ಕೊಳೆತ ಎಲೆ. ಉಸಿರು ಸಿಕ್ಕಿಕೊಂಡಿತು. ಕಣ್ಣುಗುಡ್ಡೆ ಮೇಲೇರಿತು. ಒಳಗಿನ ಮಾತು ಹಲ್ಲಿನ ಹಿಂದೆ ಗುದ್ದುತ್ತಲೇ ಇತ್ತು. ಮತ್ತೊಂದು ಹಿಡಿ.

ವಿನುತಾ ಚೀರಿದಳು. ಮಗು ಎಚ್ಚೆತ್ತು ಅಳತೊಡಗಿತು. ಅವಳು ಅದರ ಮುಖವನ್ನು ಸೆರಗಿನಲ್ಲಿ ಮುಚ್ಚಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು. ಆಮೇಲೆ ತಿರುಗಿ ಓಡಿದಳು.

ಮಗುವಿನ ಅಳು ರಸ್ತೆಯ ತಿರುವಿನಾಚೆ ಅಡಗುವವರೆಗೂ ಅನಿಲ್ ಬಾಯಿ ತೆರೆಯಲಿಲ್ಲ.