ಐದು ಸಲ ಪೀಂ

“ಕಣ್ಣು ಮುಚ್ಚು ತೃಷಾ.”

“ಮುಚ್ಚಿದ್ದೇನೆ ಪಪ್ಪಾ.”

“ಬೆರಳಿನ ಸಂದಿಯಿಂದ ನೋಡುದು ಬೇಡ, ಆಯ್ತಾ? ಉಮಾ, ನೀನೂ ಆಚೆ ತಿರುಗು.”

“ನಾನ್ಯಾಕೆ ತಿರುಗ್ಬೇಕು? ನಾನೆಂತ ಕಳ್ಳಿಯಾ?” ಎಂದರು ಅಮ್ಮ, ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ. ಆದರೂ ಗೋಡೆಯ ಕಡೆ ತಿರುಗಿ ನಿಂತರು. ಈ ವಿಷಯದಲ್ಲಿ ಪಪ್ಪನ ಜೊತೆ ವಾದ ಮಾಡಿ ಗೆದ್ದವರಿಲ್ಲ.

ತೃಷಾಳ ಪಪ್ಪ ಲೋಕನಾಥರಿಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಬೀಗ ಹಾಕಿದ ಮೇಲೆ ಅದನ್ನು ಮೂರು ಸಲ ಎಳೆದು ನೋಡುತ್ತಾರೆ. ತರಕಾರಿ ಅಂಗಡಿಯಲ್ಲಿ ಬಗ್ಗಿ ತಕ್ಕಡಿಯ ಅಡಿಯನ್ನೂ ನೋಡುತ್ತಾರೆ. ಇನ್ನು ಬ್ಯಾಂಕಿನ ಪಿನ್ ನಂಬರ್ ಎಂದರೆ ಕೇಳಬೇಕೆ? ಅದು ಅವರ ತಲೆಯೊಳಗೆ ಮಾತ್ರ ಇದೆ. ಈ ಕತೆ ಹೇಳುವವರಿಗೂ ಗೊತ್ತಿಲ್ಲ.

ಮೇಜಿನ ಮೇಲಿದ್ದದ್ದು ಬ್ಯಾಂಕಿನವರು ಕೊಟ್ಟ ಕಾರ್ಡ್ ರೀಡರ್. ನೋಡಲು ಪುಟ್ಟ ಕ್ಯಾಲ್ಕುಲೇಟರ್ ಹಾಗೆ. ಅದರ ಬಾಯಿಗೆ ಕಾರ್ಡ್ ತೂರಿಸಿ ಪಿನ್ ಒತ್ತಿದರೆ ಪರದೆಯಲ್ಲಿ ಎಂಟು ಅಂಕಿಗಳು ಬರುತ್ತವೆ. ಅವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಮಾತ್ರ ಊರಿಗೆ ಹಣ ಹೋಗುತ್ತದೆ. ಮನೆಯಲ್ಲಿ ಅದಕ್ಕೆ ‘ಮಿಷಿನ್’ ಎಂದೇ ಹೆಸರು. ತಿಂಗಳಿಗೊಮ್ಮೆ, ರಜೆಯ ಶುಕ್ರವಾರ ಬೆಳಿಗ್ಗೆ, ಅದು ಟಿವಿಯ ಕೆಳಗಿನ ಡ್ರಾಯರ್‌ನಿಂದ ಹೊರಗೆ ಬರುತ್ತದೆ. ಟಿವಿ ರಿಮೋಟ್ ಮತ್ತು ಎಸಿ ರಿಮೋಟ್ ಹಾಗೆಯೇ ಅದಕ್ಕೂ ಒಂದು ಪ್ಲಾಸ್ಟಿಕ್ ಕವರ್ ತೊಡಿಸಲಾಗಿತ್ತು. ಕುವೈತ್ ಎಂದರೆ ಧೂಳು. ಅಮ್ಮನಿಗೆ ಧೂಳನ್ನು ಕಂಡರಾಗದು, ಕವರ್ ಎಂದರೆ ಪ್ರಾಣ.

ಪೀಂ ಪೀಂ ಎಂದು ಕೀಗಳ ಸದ್ದಾಯಿತು. ಆಮೇಲೆ ಪಪ್ಪ “ಛೆ” ಎಂದರು. ಮತ್ತೆ ಪೀಂ ಪೀಂ.

“ಇದೆಂತ ಮಾರಾಯ್ತಿ! ಪಿನ್ ರಾಂಗ್ ಅಂತೆ!”

“ಮೆಲ್ಲ ಒತ್ತಿ,” ಎಂದರು ಅಮ್ಮ ಗೋಡೆಗೆ.

“ನನ್ನ ಪಿನ್ ನನಗೆ ಗೊತ್ತಿಲ್ವಾ?”

ಪಪ್ಪ ಮೂರನೆಯ ಸಲ ಗಟ್ಟಿಯಾಗಿ ಒತ್ತಿದರು. ಪೀಂ ಪೀಂ ಪೀಂ. ಆಮೇಲೆ ಸದ್ದೇ ಇಲ್ಲ. ತೃಷಾ ಮೆಲ್ಲಗೆ ಕಣ್ಣು ತೆರೆದಳು. ಪರದೆಯ ಮೇಲೆ ‘ಕಾರ್ಡ್ ಲಾಕ್ಡ್’ ಎಂದು ಬಂದಿತ್ತು.

ಪಪ್ಪ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರು. ಅರೇಬಿಕ್‌ಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಎರಡು ಒತ್ತಿದ್ದಕ್ಕೆ ಸಂಗೀತ ಬಂತು. ಅಮ್ಮ ಹತ್ತು ದೋಸೆ ಎರೆದು ಮುಗಿಸಿದರೂ ಅದೇ ಸಂಗೀತ. ಕೊನೆಗೆ ಒಬ್ಬಳು ಹುಡುಗಿ ಮಾತಾಡಿದಳು. ಕಾರ್ಡ್ ಸರ್‌ದೇ ಎಂದು ಖಾತ್ರಿಯಾಗಬೇಕಂತೆ. ಅದಕ್ಕೆ ಮಿಷಿನ್‌ನಲ್ಲಿ ಬರುವ ಎಂಟು ಅಂಕಿಗಳನ್ನು ಹೇಳಬೇಕಂತೆ.

“ಮೇಡಂ, ಅದು ಬರುದಿಲ್ಲ ಅಂತಲೇ ಅಲ್ವಾ ನಾನು ಫೋನ್ ಮಾಡಿದ್ದು!” ಎಂದು ಪಪ್ಪ ಕೂಗಿದರು. ಸಿಟ್ಟು ಬಂದರೆ ಅವರಿಗೆ ಇಂಗ್ಲಿಷ್ ಮರೆತುಹೋಗುತ್ತದೆ. ಆ ಹುಡುಗಿಗೆ ಕನ್ನಡ ಎಲ್ಲಿಂದ ಅರ್ಥವಾಗಬೇಕು? ಬ್ರಾಂಚಿಗೆ ಹೋಗಿ ಎಂದು ಹೇಳಿ ಫೋನ್ ಇಟ್ಟಳು. ಬ್ರಾಂಚಿಗೆ ಶುಕ್ರವಾರ ರಜೆ.

ಪಪ್ಪ ಮಿಷಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿದರು.

“ಪಿನ್ ಸರಿ ಉಂಟು. ಯಾರೋ ಈ ಮಿಷಿನ್ ಮುಟ್ಟಿದ್ದಾರೆ. ಒಳಗೆ ಎಂತದೋ ಸೆಟ್ಟಿಂಗ್ ಚೇಂಜ್ ಮಾಡಿದ್ದಾರೆ.”

ಅವರ ಕಣ್ಣು ಎದುರಿನ ಮುಚ್ಚಿದ ಬಾಗಿಲಿನ ಮೇಲಿತ್ತು.

ಕುವೈತ್‌ನ ರಿಗ್ಗೈ ಬಡಾವಣೆಯ ಆ ಫ್ಲ್ಯಾಟ್‌ಗೆ ಎರಡು ಬೆಡ್‌ರೂಮ್. ಬಾಡಿಗೆ ಜಾಸ್ತಿ ಎಂದು ಒಂದನ್ನು ಶೇರಿಂಗ್‌ಗೆ ಕೊಟ್ಟಿದ್ದರು. ಅದರಲ್ಲಿ ಶಿರ್ವದ ಬೆಟ್ಟಿ ಆಂಟಿ ಇದ್ದಾರೆ. ಆಸ್ಪತ್ರೆಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಂದು ಈಗ ಮಲಗಿದ್ದರು. ಆ ರೂಮಿಗೆ ತೃಷಾ ಯಾವತ್ತೂ ತಟ್ಟಿ ಹೋದವಳಲ್ಲ, ನುಗ್ಗುವುದೇ. ಕಳೆದ ವಾರ ಅವಳು ಸ್ಕೂಲಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡಾಗ ಬ್ಯಾಂಡೇಜ್ ಮಾಡಿದ್ದೂ ಬೆಟ್ಟಿ ಆಂಟಿಯೇ. ಬಿಳಿ ಟೇಪಿನ ತುದಿಯನ್ನು ಅವರು ಒಂದಿಷ್ಟು ಒಳಗೆ ಮಡಚಿ ಅಂಟಿಸುತ್ತಾರೆ. ಆ ಮಡಿಕೆ ಹಿಡಿದು ಎಳೆದರೆ ನೋವಿಲ್ಲದೆ ಬರುತ್ತದೆ.

ಆದರೆ ಆಗ ತೃಷಾಳಿಗೆ ಅದ್ಯಾವುದೂ ನೆನಪಾಗಲಿಲ್ಲ. ನೆನಪಾದದ್ದು ಬೇರೆ.

“ಪಪ್ಪಾ, ಟ್ಯೂಸ್‌ಡೇ ಮಿಷಿನ್ ಬೆಟ್ಟಿ ಆಂಟಿ ಕೈಯಲ್ಲಿತ್ತು. ಐ ಸಾ ಹರ್.”

ಅಮ್ಮ ದೋಸೆ ಬಿಟ್ಟು ಓಡಿ ಬಂದರು.

ಮಂಗಳವಾರ ಊರಿಡೀ ಧೂಳಿನ ಬಿರುಗಾಳಿ. ಸ್ಕೂಲ್ ಬಸ್ಸಿನಿಂದ ಇಳಿದವಳು ಅವಸರವಾಗಿ ಬಾತ್‌ರೂಮಿಗೆ ಓಡಿದ್ದಳು. ಹಾಲ್‌ನ ನೆಲ ಒದ್ದೆಯಾಗಿತ್ತು, ಸಾಕ್ಸ್ ನೆನೆದಿತ್ತು. ಬೆಟ್ಟಿ ಆಂಟಿ ಸೋಫಾದಲ್ಲಿ ಮಿಷಿನ್ ಹಿಡಿದು ಕೂತಿದ್ದರು. ಅವಳು ಹೊರಗೆ ಬರುವಷ್ಟರಲ್ಲಿ ಡ್ರಾಯರ್ ಮುಚ್ಚಿತ್ತು, ಆಂಟಿ ತಮ್ಮ ರೂಮಿಗೆ ಹೋಗಿದ್ದರು. ಇಷ್ಟನ್ನೆಲ್ಲ ತೃಷಾ ಹೇಳಲಿಲ್ಲ. ಕೈಯಲ್ಲಿ ಮಿಷಿನ್ ಇತ್ತು ಎಂದಷ್ಟೇ ಹೇಳಿದಳು.

“ಬೆಟ್ಟಿ ಅಂಥವರಲ್ಲ,” ಎಂದರು ಅಮ್ಮ.

“ಅಂಥವರು ಹಣೆಗೆ ಬೋರ್ಡ್ ಹಾಕ್ಕೊಂಡು ಬರ್ತಾರಾ?” ಎಂದರು ಪಪ್ಪ.

ಬೆಟ್ಟಿ ಆಂಟಿಯನ್ನೇ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ. ಮುಖದ ಮೇಲೆ ಕೇಳುವುದು ಚೆಂದವಲ್ಲ ಎಂದು ಅಮ್ಮ. ಕೇಳಿದರೆ ಕಳ್ಳರು ಹುಷಾರಾಗುತ್ತಾರೆ ಎಂದು ಪಪ್ಪ. ಮಧ್ಯಾಹ್ನದೊಳಗೆ ಅವರು ಕೆಳಗಿನ ಬಕಾಲದಿಂದ, ಅಂದರೆ ದಿನಸಿ ಅಂಗಡಿಯಿಂದ, ಒಂದು ಬೀಗ ತಂದು ತಮ್ಮ ಬೆಡ್‌ರೂಮಿನ ಬಾಗಿಲಿಗೆ ಜಡಿದರು. ಮೂರು ಸಲ ಎಳೆದೂ ನೋಡಿದರು.

ಸಂಜೆ ಬೆಟ್ಟಿ ಆಂಟಿ ಎದ್ದು ಕಿಚನ್‌ಗೆ ಬಂದರು. ಅಮ್ಮ ತಟ್ಟನೆ ಮಾತು ನಿಲ್ಲಿಸಿದರು. ಶುಕ್ರವಾರ ಆಂಟಿಗೆಂದು ಎತ್ತಿಡುವ ಕೋಳಿ ಸುಕ್ಕದ ಬಟ್ಟಲು ಅಂದು ಕಟ್ಟೆಯ ಮೇಲಿರಲಿಲ್ಲ.

“ಮೊಣಕಾಲು ಹೇಗುಂಟು ತೃಷಾ?” ಎಂದು ಆಂಟಿ ನಕ್ಕರು.

ಯಾಕೆ ಇಷ್ಟೊಂದು ನಗುತ್ತಾರೆ, ಎಂದುಕೊಂಡಳು ತೃಷಾ. ಫೋನಿನಲ್ಲಿ ಕೊಂಕಣಿಯಲ್ಲಿ ಮೆಲ್ಲಗೆ ಯಾಕೆ ಮಾತಾಡುತ್ತಾರೆ? ಅವರ ಬ್ಯಾಗು ಯಾವಾಗಲೂ ಯಾಕೆ ಅಷ್ಟು ಉಬ್ಬಿರುತ್ತದೆ? ಒಂದು ಸಲ ಸಂಶಯದ ಕನ್ನಡಕ ಹಾಕಿಕೊಂಡರೆ ಆಯಿತು, ನೀರು ಕುಡಿಯುವವರೂ ಕಳ್ಳರಂತೆಯೇ ಕಾಣುತ್ತಾರೆ.

“ಓಕೆ,” ಎಂದಷ್ಟೇ ಹೇಳಿ ತೃಷಾ ಫ್ರಿಜ್ಜಿನ ಮರೆಗೆ ಸರಿದಳು.

ಆಂಟಿ ಬಾಟಲಿಗೆ ನೀರು ತುಂಬಿಸಿಕೊಂಡು ಹೊರಟರು. ಹೊಸ ಬೀಗ ಕಣ್ಣಿಗೆ ಬಿತ್ತು. ಒಂದು ಕ್ಷಣ ಅದನ್ನು ನೋಡಿದರು, ಆಮೇಲೆ ತೃಷಾಳನ್ನು ನೋಡಿದರು. ಬಾಟಲಿ ಹಿಡಿದು ತಮ್ಮ ರೂಮಿಗೆ ಹೋದರು.

ರಾತ್ರಿ ಊಟದ ಮೊದಲು ಪಪ್ಪ ತಮ್ಮ ಸ್ನೇಹಿತ ಲತೀಶ್‌ಗೆ ಫೋನ್ ಮಾಡಿದರು. “ಶೇರಿಂಗ್‌ಗೆ ಒಳ್ಳೆ ಫ್ಯಾಮಿಲಿ ಇದ್ರೆ ಹೇಳು ಮಾರಾಯ. ನಾಳೆ ಬ್ಯಾಂಕಿಂದ ಬಂದವನೇ ಬೆಟ್ಟಿ ಹತ್ರ ರೂಮ್ ಖಾಲಿ ಮಾಡ್ಲಿಕ್ಕೆ ಹೇಳ್ತೇನೆ.”

ತೃಷಾ ಅದನ್ನು ಕೇಳಿಸಿಕೊಂಡಳು. ಅವಳು ಹೇಳಿದ್ದು ಒಂದೇ ಒಂದು ಮಾತು. ಅದು ಸುಳ್ಳೂ ಆಗಿರಲಿಲ್ಲ. ಅಷ್ಟಕ್ಕೇ ಒಬ್ಬರನ್ನು ಮನೆಯಿಂದ ಕಳಿಸುತ್ತಾರೆಯೇ?

ಶನಿವಾರ ಬೆಳಿಗ್ಗೆ ಮಾಲ್‌ನೊಳಗಿನ ಬ್ರಾಂಚ್ ಮಾತ್ರ ತೆರೆದಿತ್ತು. ಪಪ್ಪ ತೃಷಾಳನ್ನೂ ಕರೆದುಕೊಂಡು ಹೋದರು. ಟೋಕನ್ ಅರವತ್ತೆಂಟು. ಪರದೆಯಲ್ಲಿ ಇಪ್ಪತ್ತೊಂದು. ಕಾದು ಕಾದು ಕೊನೆಗೆ ಕೌಂಟರ್‌ಗೆ ಹೋದರೆ ಅಲ್ಲಿದ್ದವರು ಉಳ್ಳಾಲದ ಇಬ್ರಾಹಿಂ ಖಲೀಲ್. ಊರಿನವರೆಂದು ಗೊತ್ತಾದದ್ದೇ ಪಪ್ಪನಿಗೆ ಕನ್ನಡದಲ್ಲಿ ಸಿಟ್ಟು ಮಾಡಲು ಅನುಕೂಲವಾಯಿತು.

“ಎಂತ ಮಿಷಿನ್ ಸ್ವಾಮಿ ನಿಮ್ದು? ಮನೆಯಲ್ಲಿ ಇರುವವರೇ ಸೆಟ್ಟಿಂಗ್ ಚೇಂಜ್ ಮಾಡಿ ಪಿನ್ ಕದಿಯುವ ಹಾಗಾದ್ರೆ ಹೇಗೆ?”

ಖಲೀಲ್ ನಗಲಿಲ್ಲ. ದಿನಕ್ಕೆ ಹತ್ತು ಜನ ಹೀಗೆಯೇ ಬರುತ್ತಾರೇನೋ.

“ಅಣ್ಣಾ, ಈ ಮಿಷಿನ್‌ನಲ್ಲಿ ಕದಿಯುವಂಥದ್ದು ಏನೂ ಇಲ್ಲ. ನಿಮ್ಮ ಹೆಸರೂ ಇಲ್ಲ, ಪಿನ್ನೂ ಇಲ್ಲ. ಗುಟ್ಟೆಲ್ಲ ಕಾರ್ಡಿನ ಚಿಪ್ಪಿನಲ್ಲಿ. ನನ್ನ ಮಿಷಿನ್‌ನಲ್ಲಿ ನಿಮ್ಮ ಕಾರ್ಡ್ ಹಾಕಿದ್ರೂ ನಡೀತದೆ. ಕಾರ್ಡ್ ಎಲ್ಲಿತ್ತು?”

“ನನ್ನ ಪರ್ಸಲ್ಲೇ ಇತ್ತು.”

“ಮತ್ತೆ ಯಾರು ಎಂತ ಮಾಡ್ಲಿಕ್ಕಾಗ್ತದೆ?”

ಅವರು ಲಾಕ್ ತೆಗೆದು, ತಮ್ಮ ಮಿಷಿನ್ ಕೊಟ್ಟು, ಪಿನ್ ಒತ್ತಲು ಹೇಳಿದರು. “ಕಣ್ಣು ಮುಚ್ಚು ತೃಷಾ,” ಎಂದರು ಪಪ್ಪ ಅಭ್ಯಾಸದಂತೆ. ತೃಷಾ ಮುಚ್ಚಿದಳು. ಖಲೀಲ್ ಕೂಡ ಆಚೆ ತಿರುಗಿದರು.

ಪೀಂ. ಪೀಂ. ಪೀಂ. ಪೀಂ.

“ಬಂತು!” ಎಂದರು ಪಪ್ಪ.

“ಈಗ ನಿಮ್ಮದರಲ್ಲಿ ಒಂದೇ ಸಲ ನೋಡಿ.”

ಪೀಂ. ಪೀಂ. ಪೀಂ ಪೀಂ. ಪೀಂ.

“ಪುನಃ ರಾಂಗ್! ನೋಡಿದ್ರಾ, ನೋಡಿದ್ರಾ?”

ತೃಷಾ ಕಣ್ಣು ಮುಚ್ಚಿಕೊಂಡೇ ಹೇಳಿದಳು: “ಪಪ್ಪಾ, ಐದು ಸಲ ಪೀಂ ಅಂತು.”

“ಎಂತ?”

“ಅಂಕಲ್‌ನ ಮಿಷಿನ್‌ನಲ್ಲಿ ನಾಲ್ಕು. ನಮ್ಮದರಲ್ಲಿ ಐದು. ಒಂದು ಕೀ ಎರಡು ಸಲ ಒತ್ತಿದೆ.”

ಖಲೀಲ್ ಮಿಷಿನ್ನನ್ನು ಬೆಳಕಿಗೆ ಹಿಡಿದರು. ಕವರಿನ ಪ್ಲಾಸ್ಟಿಕ್ ಒಂದು ಕೀಯ ಮೇಲೆ ಸುಕ್ಕಾಗಿ ಸಿಕ್ಕಿಕೊಂಡಿತ್ತು. ಪಪ್ಪ ಗಟ್ಟಿಯಾಗಿ ಒತ್ತಿದರೆ ಒಂದು ಸಲ, ಬೆರಳು ಎತ್ತಿದರೆ ಸುಕ್ಕು ಒತ್ತಿ ಇನ್ನೊಂದು ಸಲ.

“ಇದಕ್ಕೆ ಕವರ್ ಹಾಕಿದ್ದು ಯಾರು?” ಎಂದು ನಕ್ಕರು ಖಲೀಲ್.

“ನನ್ನ ಹೆಂಡತಿ. ಅವಳು ಎಲ್ಲದಕ್ಕೂ ಹಾಕ್ತಾಳೆ.”

“ಅಮ್ಮ ಅಲ್ಲ,” ಎಂದಳು ತೃಷಾ.

ಕವರಿನ ಹಿಂದೆ ಬಿಳಿ ಟೇಪ್ ಇತ್ತು. ಅದರ ತುದಿಯನ್ನು ಒಂದಿಷ್ಟು ಒಳಗೆ ಮಡಚಿ ಅಂಟಿಸಲಾಗಿತ್ತು. ಅವಳ ಮೊಣಕಾಲಿನ ಮೇಲಿನ ಟೇಪ್ ಕೂಡ ಅಂಥದ್ದೇ.

ಈಗ ತೃಷಾಳಿಗೆ ಒಂದೊಂದಾಗಿ ಎಲ್ಲ ನೆನಪಾಯಿತು. ಒದ್ದೆ ನೆಲ. ನೆನೆದ ಸಾಕ್ಸ್. ಮಂಗಳವಾರ ಸಂಜೆ ಕೆಲಸದಿಂದ ಬಂದ ಅಮ್ಮ ಸೋಫಾದ ಮೇಲೆ ಬೆರಳಾಡಿಸಿ, “ಈ ಸಲ ಧೂಳು ಒಳಗೆ ಬರ್ಲೇ ಇಲ್ಲ, ದೇವರು ದೊಡ್ಡವನು” ಎಂದದ್ದು. ಧೂಳು ಬಂದಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದವರು ನಿದ್ದೆ ಬಿಟ್ಟು ಇಡೀ ಹಾಲ್ ಒರೆಸಿದ್ದರು. ಕೊಳೆಯಾದ ಕವರ್‌ಗಳನ್ನೆಲ್ಲ ತೆಗೆದು ಹೊಸತು ಹಾಕಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರೂ ಗಮನಿಸಿಯೂ ಇರಲಿಲ್ಲ.

ತೃಷಾ ಎಲ್ಲವನ್ನೂ ಹೇಳಿದಳು. ಪಪ್ಪ ಟೇಪಿನ ಮಡಿಕೆಯನ್ನು ಉಗುರಿನಿಂದ ಮುಟ್ಟುತ್ತಾ ಕೂತರು. ಕಾರಿನಲ್ಲಿ ಲತೀಶ್‌ನ ಫೋನ್ ಬಂದಾಗ, “ಶೇರಿಂಗ್‌ಗೆ ಯಾರೂ ಬೇಡ. ಖಲಾಸ್,” ಎಂದರು.

ಮನೆಯೊಳಗೆ ಕಾಲಿಟ್ಟವರು ಇಬ್ಬರೂ ನಿಂತುಬಿಟ್ಟರು.

ಬೆಟ್ಟಿ ಆಂಟಿಯ ಬಾಗಿಲಿಗೂ ಒಂದು ಬೀಗ ತೂಗುತ್ತಿತ್ತು. ಅದೇ ಬಕಾಲ ಅಂಗಡಿಯದ್ದು, ಅದೇ ಸೈಜಿನದ್ದು.

“ಚರ್ಚಿಗೆ ಹೋಗುವ ಮೊದಲು ತಂದು ಹಾಕಿದ್ರು,” ಎಂದರು ಅಮ್ಮ ಸಣ್ಣ ದನಿಯಲ್ಲಿ. “ನಿಮ್ಗೂ ಟೆನ್ಶನ್ ಬೇಡ ಉಮಾ, ನನಗೂ ಬೇಡ, ಅಂದ್ರು. ನನಗೆ ತಲೆ ಎತ್ಲಿಕ್ಕಾಗ್ಲಿಲ್ಲ.”

ಪಪ್ಪ ಬ್ಯಾಂಕಿನಲ್ಲಿ ನಡೆದದ್ದನ್ನು ಹೇಳಿದರು. ಅಮ್ಮ ಸೋಫಾದ ಮೇಲೆ ಕೈಯಿಟ್ಟು, “ದೇವರೇ, ನಾನು ಒಂದು ಮಾತು ಕೇಳ್ಲಿಲ್ವಲ್ಲ,” ಎಂದು ಕಣ್ಣೊರೆಸಿಕೊಂಡರು. ಪಪ್ಪ ತಮ್ಮ ಬಾಗಿಲಿನ ಬೀಗ ಬಿಚ್ಚಿ ಕಿಸೆಗೆ ಹಾಕಿಕೊಂಡರು. ಇನ್ನೊಂದು ಬಾಗಿಲಿನ ಬೀಗವನ್ನು ಬಿಚ್ಚಲು ಅವರ ಬಳಿ ಕೀ ಇರಲಿಲ್ಲ.

ಸಂಜೆ ಬೆಟ್ಟಿ ಆಂಟಿ ಬಂದರು. ಪಪ್ಪ ಎದ್ದು ನಿಂತು ಬಾಯಿ ತೆರೆದರು. ಆದರೆ ಹೊರಗೆ ಬಂದದ್ದು, “ಟೀ ಕುಡೀತೀರಾ ಬೆಟ್ಟಿ?” ಎಂಬ ಮಾತು ಮಾತ್ರ.

“ಬೇಡ, ಆಯ್ತು,” ಎಂದು ಆಂಟಿ ಬೀಗ ತೆಗೆದು ಒಳಗೆ ಹೋದರು. ಬಾಗಿಲು ಮುಚ್ಚಿತು.

ತೃಷಾ ಎದ್ದು ಆ ಬಾಗಿಲಿನ ಮುಂದೆ ಹೋದಳು. ಕೈ ತಾನಾಗಿ ಹಿಡಿಕೆಯ ಕಡೆ ಹೋಯಿತು. ಅದನ್ನು ಹಿಂದಕ್ಕೆ ಎಳೆದುಕೊಂಡು, ಮೊದಲ ಸಲ, ಬಾಗಿಲು ತಟ್ಟಿದಳು.

“ಯಾರು?”

ಆಂಟಿ ಇಷ್ಟು ದಿನದಲ್ಲಿ ಒಮ್ಮೆಯೂ ಹಾಗೆ ಕೇಳಿದವರಲ್ಲ.

“ನಾನು. ತೃಷಾ.” ಅವಳು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದಳು. “ಮಿಷಿನ್ ನಿಮ್ಮ ಕೈಯಲ್ಲಿತ್ತು ಅಂತ ಪಪ್ಪನಿಗೆ ಹೇಳಿದ್ದು ನಾನು ಆಂಟಿ. ನೆಲ ಒದ್ದೆ ಇತ್ತು ಅಂತ ಹೇಳ್ಲಿಲ್ಲ. ಅದನ್ನೂ ಹೇಳ್ಬೇಕಿತ್ತು.”

ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿರಲಿಲ್ಲ, ತಳ್ಳಿದ್ದರೆ ತೆರೆಯುತ್ತಿತ್ತು. ತೃಷಾ ತಳ್ಳಲಿಲ್ಲ. ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು, ಆಂಟಿ ತಾವಾಗಿ ತೆರೆಯಲಿ ಎಂದು ಅಲ್ಲೇ ನಿಂತಳು.