ಎರಡನೇ ಎಲೆ

ಹನ್ನೊಂದು ದಿನದಿಂದ ಮಹದೇವು ಫೋನ್ ಎತ್ತಿರಲಿಲ್ಲ.

ಕಿಸುಮು ಪಟ್ಟಣದ ತಗಡಿನ ಅಡುಗೆಮನೆಯಲ್ಲಿ, ಇದ್ದಿಲೊಲೆಯ ಮೇಲೆ ನೂರಿಪ್ಪತ್ತು ಮಕ್ಕಳಿಗಾಗುವಷ್ಟು ರಾಗಿ ಗಂಜಿ ತಿರುವುತ್ತ ಅಮೃತ ಮತ್ತೆ ಫೋನ್ ನೋಡಿದಳು. ರಾಗಿ ಸೀಮೆಯ ಕೊಪ್ಪದ ಹುಡುಗಿ. ಕೀನ್ಯಾಕ್ಕೆ ಒಂದು ವರ್ಷದ ವಾಲಂಟಿಯರ್ ಆಗಿ ಬಂದು ಏಳು ತಿಂಗಳಾಗಿತ್ತು. ಐದಕ್ಕೆ ಎದ್ದು ನೀರು ಹೊರುವುದು, ಗಂಜಿ, ಮಕ್ಕಳ ತೂಕ, ಮಧ್ಯಾಹ್ನ ತಾಯಂದಿರ ಕ್ಲಾಸು. ಸಂಜೆ ಬೈಕ್ ಟ್ಯಾಕ್ಸಿ ಹತ್ತಿ, ಆಚೆ ದಡವೇ ಕಾಣದ ಆ ಸರೋವರದ ಪಕ್ಕದ ರೂಮಿಗೆ. ರೂಮಿಗೆ ಹೋದಕೂಡಲೇ ಮಹದೇವುಗೆ ಫೋನ್.

ಅವನು ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ರಾಗಿ ತಾಕಿನಲ್ಲಿ ಕೆಲಸ ಮಾಡುವವನು. ಅಲ್ಲಿ ಟ್ರೈನಿಂಗಿಗೆ ಹೋದ ಮೊದಲ ದಿನ ಅವಳು ಪೈರನ್ನು ಬುಡಮೇಲಾಗಿ ಹಿಡಿದಿದ್ದಳು. "ಮೇಡಂ, ಬೇರು ಕೆಳೀಕೆ ಓದ್ರೆ ಒಳ್ಳೇದು" ಎಂದಿದ್ದ. ನಗುವನ್ನು ಕಣ್ಣಲ್ಲೇ ಇಟ್ಟುಕೊಂಡಿದ್ದ, ಬಾಯಿಗೆ ಬಿಟ್ಟಿರಲಿಲ್ಲ. ಆ ಕಣ್ಣಿಗೇ ಅವಳು ಸೋತದ್ದು.

ಹನ್ನೊಂದು ದಿನದ ಹಿಂದೆ ಅವನು ಹೆಣ್ಣು ಕೇಳಲು ಒಬ್ಬನೇ ಕೊಪ್ಪಕ್ಕೆ ಹೋಗಿದ್ದ. ಏನಾಯಿತೆಂದು ಯಾರೂ ಬಾಯಿಬಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಅವ್ವ ಯಶೋದಮ್ಮ ಫೋನಿನಲ್ಲಿ ಸಿಡಿದಿದ್ದಳು.

"ಎಲೆ ಬುಟ್ಟು ಎದ್ದೋದೋನ್ಗೆ ಎಣ್ಣು ಕೊಟ್ಟಾರಾ? ನಿಮ್ಮಪ್ಪ ಜಗುಲಿ ಮ್ಯಾಲೆ ಎರಡು ಬಾಳೆಲೆ ಹಾಕು ಅಂದ್ರು. ಒಂದು ಅವನ್ಗೆ, ಪಕ್ಕದಲ್ಲೇ ಒಂದು ತಮಗೆ. ಬೀದಿಯೆಲ್ಲ ನೋಡ್ಲಿ ಅಂತ ಕಣಮ್ಮ. ನಾನು ಎರಡ್ನೇದು ತರೋ ಒತ್ಗೆ ಅವನು ಬೈಕ್ ಸ್ಟಾರ್ಟ್ ಮಾಡಿದ್ದ. ಭಾನುವಾರ ಮಳವಳ್ಳಿಯೋರು ಬತ್ತಾವ್ರೆ. ಎಣ್ಣು ನೋಡಾಕೆ. ನೀನು ವಿಡಿಯೋದಲ್ಲಿ ಕೂತ್ಕೊ."

ಅವಳ ಊರ ಕಡೆ, ಹೆಣ್ಣು ಕೇಳಲು ಬಂದವನು ಉಂಡರೆ ಮಾತು ಗಟ್ಟಿಯಾದಂತೆ. ಉಣ್ಣದೆ ಎದ್ದರೆ ಮುರಿದಂತೆ. ಆದರೆ ಮಹದೇವು ಕಿರುಗಾವಲಿನ ಆಚೆ ಕೇರಿಯವನು. ಅವನ ತಾತನಿಗೆ ಯಾರ ಮನೆಯಲ್ಲೂ ಒಳಗೆ ಎಲೆ ಹಾಕಿದವರಿಲ್ಲ. ಅವನಿಗೆ ಕಂಡದ್ದು ಹೊರಗಿನ ಆ ಒಂದೇ ಎಲೆ.

"ಅಕಿನ್ಯಿ, ನಿನ್ನ ಫೋನ್ ಕೊಡು."

"ಮೊದಲು ನೀನು ಸೌಟು ಕೊಡು," ಎಂದಳು ಜೊತೆಯ ಅಡುಗೆಯವಳು. "ನಿನ್ನ ಪ್ರೀತಿಯಿಂದ ಈ ವಾರ ಎರಡು ಸಲ ಗಂಜಿ ತಳ ಹಿಡಿದಿದೆ."

ಗೊತ್ತಿಲ್ಲದ ನಂಬರ್ ನೋಡಿ ಅವನು ಎತ್ತಿದ.

"ಕಟ್ ಮಾಡ್ಬ್ಯಾಡ. ಮಾಡಿದ್ರೆ ನಾಳೆ ಇನ್ನೊಬ್ಬರ ಫೋನಿಂದ ಮಾಡ್ತೀನಿ. ಊರ್ ತುಂಬ ಜನ ಅವ್ರೆ ಇಲ್ಲಿ."

ಆ ಕಡೆ ಪಂಪ್‌ಸೆಟ್ಟಿನ ಸದ್ದು. ಆಮೇಲೆ ಅವನ ದನಿ. "ನಮ್ಮ ತಾತ ಮನೆ ಈಚೆ ಕುಂತು ಉಂಡ. ನಾನು ಉಣ್ಣಾಕಿಲ್ಲ ಅಮೃತ."

"ಎರಡೆಲೆ ಕಣೋ."

"ಏನು?"

"ಎರಡ್ನೇದು ನಮ್ಮಪ್ಪಂದು. ನಿನ್ನ ಪಕ್ಕದಲ್ಲಿ. ಅವ್ವ ಒಳಗಿಂದ ತರ್ತಿದ್ಲು."

ಅವನು ಪಂಪ್‌ಸೆಟ್ಟು ಆರಿಸಿದ.

"ಬಾಯ್ಬುಟ್ಟು ಒಂದ್ ಮಾತು ಏಳ್ಬೋದಿತ್ತಲ್ಲ ಅವ್ರು."

"ಮಾತಾಡೋರಾಗಿದ್ರೆ ಎಲೆ ಯಾಕ್ ಹಾಕಿಸ್ತಿದ್ರು? ಇವತ್ತೇ ಓಗು. ಭಾನುವಾರ ಮಳವಳ್ಳಿಯೋರು ಬತ್ತಾವ್ರೆ. ಈ ಮಕ್ಕಳನ್ನ ಬುಟ್ಟು ನಾನು ಬರೋಕಾಗಲ್ಲ. ನೀನಿಲ್ದೆ ಇರೋಕೂ ಆಗಲ್ಲ. ಹನ್ನೊಂದು ದಿನ ಇದ್ದು ನೋಡ್ದೆ, ಆಗಲ್ಲ ಕಣೋ."

ಅವನು ಫೋನ್ ಇಟ್ಟುಬಿಟ್ಟ.

ಎರಡೂವರೆ ಗಂಟೆ ಕಳೆಯಿತು. ಲೋಟಗಳ ಸಾಲು ಮುಂದೆ ಸರಿಯುತ್ತಿತ್ತು. ತುಂಬಿದ ಲೋಟಕ್ಕೇ ಅವಳು ಮತ್ತೆ ಸುರಿದಳು. ಬೆಳಿಗ್ಗೆ ಒಂಬತ್ತೂವರೆಗೆ, ಎಂದರೆ ಕೊಪ್ಪದ ನಡು ಮಧ್ಯಾಹ್ನಕ್ಕೆ, ಮಹದೇವುನ ವಿಡಿಯೋ ಕಾಲ್ ಬಂತು. ಫೋನ್ ಅವನ ಅಂಗಿ ಜೇಬಿನಲ್ಲಿತ್ತು. ಕಂಡದ್ದು ನೀಲಿ ಬಟ್ಟೆ, ಮೇಲೊಂದು ಚೂರು ಆಕಾಶ. ಅಪ್ಪ ಕೆಂಪಯ್ಯನ ದನಿ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

"ಎಲೆ ಬುಟ್ಟೋದೋನು ಯಾಕಪ್ಪ ಬಂದೆ?"

"ಉಣ್ಣಕ್ ಬಂದೆ. ಅವತ್ತು ನನಗೆ ಕಂಡಿದ್ದು ಒಂದೇ ಎಲೆ. ತಪ್ಪಾಯ್ತು. ಇವತ್ತು ನಿಮ್ಮ ಜಗುಲೀಲಿ ಉಣ್ತೀನಿ. ಭಾನುವಾರ ನಮ್ಮನೇಲಿ, ನಮ್ಮವ್ವ ಬಡಿಸಿದ್ದನ್ನ ನೀವು ಉಣ್ಬೇಕು. ಆಗಾಕಿಲ್ಲ ಅಂದ್ರೆ ನನಗೂ ಬ್ಯಾಡ."

ಫೋನಿನೊಳಗೆ ಕೈ ಹಾಕಿ ಅವನ ಬಾಯಿ ಮುಚ್ಚಬೇಕು ಅನ್ನಿಸಿತು ಅವಳಿಗೆ. ಆದರೂ ಅವನು ಅವಳಿಗೆ ಹಿಂದೆಂದೂ ಇಷ್ಟು ಇಷ್ಟವಾಗಿರಲಿಲ್ಲ. ಅಕಿನ್ಯಿ ಸದ್ದಿಲ್ಲದೆ ಸೌಟು ತೆಗೆದುಕೊಂಡಳು.

ಕೊಪ್ಪದಲ್ಲಿ ಎಲ್ಲೋ ಒಂದು ಹಸು ಕೂಗಿತು. ಅಪ್ಪ ಕೆಮ್ಮಿದರು.

"ಯಶೋದಾ, ಎಲೆ ತತ್ತಾ."

"ಎಷ್ಟು?" ಒಳಗಿನಿಂದ ಅವ್ವ.

ಅಮೃತ ಫೋನನ್ನು ಕಿವಿಗೊತ್ತಿಕೊಂಡಳು.

"ಈ ಸಲ ಎರಡೂ ಒಟ್ಗೇ ತತ್ತಾ. ಆಮೇಲೆ ಆ ಮಳವಳ್ಳಿಯೋರ್ಗೆ ಫೋನ್ ಮಾಡು. ಭಾನುವಾರ ನಾನು ಊಟಕ್ಕೆ ಮನೇಲಿರಾಕಿಲ್ಲ ಅಂತ ಏಳು."