ಎರಡೆರಡು ಕಾಣುವ ಕ್ಯಾಮೆರಾ

"ಇದು ಕೆಟ್ಟಿಲ್ಲ," ಎಂದು ಅವನು ಕ್ಯಾಮೆರಾವನ್ನು ಅವಳ ಕಡೆಗೇ ತಳ್ಳಿದ.

"ಎಲ್ಲಾ ಎರಡೆರಡು ಕಾಣ್ತಿದೆ ಅಂತಿದ್ದೀನಿ."

"ಎರಡೆರಡೇ ಕಾಣ್ಬೇಕು."

ಅವಳಿಗೆ ಮೈಯೆಲ್ಲ ಉರಿಯಿತು. ಊಟದ ಬಿಡುವಿನಲ್ಲಿ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಬಸ್ಸು ಹಿಡಿದು, ಎರಡು ಮಹಡಿ ಹತ್ತಿ ಬಂದದ್ದು ಈ ಮಾತು ಕೇಳುವುದಕ್ಕೆ?

"ನನ್ನ ಕಣ್ಣು ಸರಿಯಾಗಿದೆ. ದಿನಾ ಸೂಜಿಗೆ ದಾರ ಪೋಣಿಸ್ತೀನಿ."

"ಹಾಗಾದ್ರೆ ಕಲಿಯೋದು ಸುಲಭ."

ಕ್ಯಾಮೆರಾ ರಿಪೇರಿಯವನು ಆಗ ಮೊದಲ ಸಲ ತಲೆಯೆತ್ತಿದ. ಒಂದು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯಲು ಮರೆತಿದ್ದ. ಆ ಕಣ್ಣು ನಿಂಬೆಹಣ್ಣಿನಷ್ಟು ದಪ್ಪವಾಗಿ ಅವಳನ್ನೇ ನೋಡುತ್ತಿತ್ತು. ನಗು ಬಂದೇಬಿಡುತ್ತಿತ್ತು. ಆದರೆ ಅವಳು ಕೋಪವನ್ನು ಬಿಟ್ಟುಕೊಡಲಿಲ್ಲ.

"ಇದು ಯಾವ ಕ್ಯಾಮೆರಾ, ಅದನ್ನಾದ್ರೂ ಹೇಳಿ. ಮೇಲಿದ್ದ ಹೆಸರು ಸವೆದುಹೋಗಿದೆ."

ಅವನು ಅದನ್ನು ತಿರುಗಿಸಿ ಮುಂಭಾಗ ತೋರಿಸಿದ. "ಇಲ್ಲಿ ಎರಡು ಕಿಟಕಿ ನೋಡಿ. ದೊಡ್ಡದೊಂದು, ಚಿಕ್ಕದೊಂದು. ಎರಡರಿಂದಲೂ ಬಂದ ಬಿಂಬ ಒಳಗೆ ಒಂದರ ಮೇಲೊಂದು ಬೀಳುತ್ತೆ. ಈ ಉಂಗುರ ತಿರುಗಿಸ್ತಾ ಹೋಗಿ. ಎರಡೂ ಸೇರಿ ಒಂದಾದ್ರೆ ದೂರ ಸರಿಯಾಯ್ತು ಅಂತ. ರೇಂಜ್‌ಫೈಂಡರ್ ಅಂತಾರೆ ಇದನ್ನ. ಕಂಪನಿ, ವರ್ಷ ಬೇಕಂದ್ರೆ ತಳದ ನಂಬರ್ ನೋಡಿ ಹೇಳ್ಬೇಕು. ನಾಳೆ."

"ನಾಳೆ ಯಾಕೆ?"

"ಪುಸ್ತಕ ಮನೇಲಿದೆ."

ದೇವರೇ, ಇವನ ಜೊತೆ ಏಗುವುದು ಹೇಗೆ... ಎಂದುಕೊಂಡಳು ಅವಳು.

ಏಗಲೇಬೇಕಿತ್ತು. ಆ ಕ್ಯಾಮೆರಾ ದೊಡ್ಡಪ್ಪನದು. ಊರವರ ಮುಖವನ್ನೆಲ್ಲ ಅದರಲ್ಲಿ ಹಿಡಿದವರು ಹೆಂಡತಿಯ ಮುಖವನ್ನು ಮಾತ್ರ ಹಿಡಿಯಲಾರದೆ ತೀರಿಕೊಂಡಿದ್ದರು. ಕ್ಯಾಮೆರಾ ಎದುರಾದರೆ ಸಾಕು, ದೊಡ್ಡಮ್ಮ ಬೆನ್ನು ತಿರುಗಿಸುತ್ತಿದ್ದಳು. ಮೊಬೈಲಿಗೂ ಅದೇ ಶಾಸ್ತಿ. ಈಗ ಹೃದಯ ದುರ್ಬಲವಾಗಿ ಹಾಸಿಗೆ ಹಿಡಿದ ಮೇಲೆ ಒಂದು ದಿನ ತಾನಾಗಿ ಹೇಳಿದ್ದಳು: "ಚುಕ್ಕಿ, ಅವರ ಆ ಕ್ಯಾಮೆರಾ ಪೆಟ್ಟಿಗೇಲಿ ನಂದೊಂದು ಮುಖ ಇರ್ಲಿ ಕಣೇ. ಅವರು ಎಷ್ಟು ಸಲ ಕೇಳಿದ್ರೋ."

ತಾಯಿ ಇಲ್ಲದ ಮಗುವನ್ನು ಎದೆಗವಚಿಕೊಂಡು ಸಾಕಿದವಳು ಆಕೆ. ತನಗಾಗಿ ಕೇಳಿದ್ದು ಇದೊಂದೇ.

ಮರುದಿನ ರಿಪೇರಿಯವನು ಕಂಪನಿಯನ್ನೂ ವರ್ಷವನ್ನೂ ಹೇಳಿದ. ಆದರೆ ಕ್ಯಾಮೆರಾ ಕೊಡಲಿಲ್ಲ. ಒಳಗೆ ಬೆಳಕು ನುಸುಳದಂತೆ ತಡೆಯುವ ಸ್ಪಂಜು ಪುಡಿಯಾಗಿದೆ, ಬದಲಾಯಿಸಬೇಕು ಎಂದ. ಬದಲಾಯಿಸಿದ ಮೇಲೂ ಕೊಡಲಿಲ್ಲ.

"ಕಲಿಯದವರ ಕೈಗೆ ಕೊಡೋದಿಲ್ಲ."

"ಇದು ನನ್ನ ಕ್ಯಾಮೆರಾ."

"ಹೌದು. ಲೀವರ್ ಎಳೀರಿ ನೋಡೋಣ."

ಎಳೆದಳು. ಹಾಳಾದ ಫಿಲಂ ಒಂದನ್ನು ಕೊಟ್ಟು, ಹಾಕುವುದು ತೆಗೆಯುವುದು ಇಪ್ಪತ್ತು ಸಲ ಮಾಡಿಸಿದ. ಲೀವರ್ ಎಳೆದಾಗ ಎಡಗಡೆಯ ಗುಂಡಿ ತಾನೇ ತಿರುಗಿದರೆ ಫಿಲಂ ಓಡುತ್ತಿದೆ ಎಂದರ್ಥ, ತಿರುಗದಿದ್ದರೆ ಬರೀ ಗಾಳಿಗೆ ಫೋಟೋ ತೆಗೆದಂತೆ ಎಂದ. ಬೆಳಕು ಅಳೆಯುವ ಮುಳ್ಳಿಗೆ ಬೇಕಾದ ಸೆಲ್ಲು ಈಗ ಸಿಗುವುದಿಲ್ಲ, ಕಣ್ಣಿನಿಂದಲೇ ಅಳೆಯಬೇಕು ಎಂದು ಅವಳನ್ನು ಬಿಸಿಲಿಗೂ ನೆರಳಿಗೂ ಓಡಾಡಿಸಿದ.

ಹನ್ನೊಂದು ಮಧ್ಯಾಹ್ನಗಳು ಹೀಗೆ ಹೋದವು. ಪ್ರತಿ ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಕಳಚುವ ಮೊದಲೇ ದೂರು ಶುರು ಮಾಡುತ್ತಿದ್ದಳು.

"ಆ ಮೊಂಡ ಇವತ್ತು ಏನಂದ ಗೊತ್ತಾ? ಕೈ ನಡುಗ್ತಿದೆ, ಉಸಿರು ಬಿಗಿ ಹಿಡೀರಿ ಅಂದ. ಅವನ ಎದುರಿಗೆ ಕೂತ್ರೆ ಉಸಿರು ಬಿಡೋದೇ ಕಷ್ಟ, ಇನ್ನು ಹಿಡಿಯೋದು ಬೇರೆ."

"ಬೈಯೋದು ಬೈತೀಯ. ಇವತ್ತು ತಲೆ ಬಾಚ್ಕೊಂಡು ಹೋಗಿದ್ದೆಯಲ್ಲ?" ಎಂದಳು ದೊಡ್ಡಮ್ಮ.

"ದಿನಾ ಬಾಚ್ಕೋತೀನಿ."

"ಎರಡು ಸಲ ಬಾಚ್ತಿರ್ಲಿಲ್ಲ ತಾಯಿ."

ಹನ್ನೆರಡನೆಯ ದಿನ ದೊಡ್ಡಮ್ಮನ ಉಸಿರಾಟ ಬಿಗಡಾಯಿಸಿತು. ಅವಳು ಅಂಗಡಿಗೆ ಓಡಿಬಂದು, "ಇವತ್ತೇ ಕೊಡಿ. ನಾಳೆ ಅನ್ನೋ ಮಾತು ಬೇಡ," ಎಂದಳು. ಅವಳ ಮುಖ ನೋಡಿ ಅವನು ಕ್ಯಾಮೆರಾ ಕೈಗೆತ್ತಿಕೊಂಡ. ಹೊಸ ಫಿಲಂ ಹಾಕಿದ. ಕಿಟಕಿಯ ಬೆಳಕಿಗೆ ಎಷ್ಟು ಬೇಕೋ ಅಷ್ಟಕ್ಕೆ ಬೆಳಕಿನ ಉಂಗುರಗಳನ್ನು ಮಾತ್ರ ಹೊಂದಿಸಿ, ಅವು ಅಲುಗದಂತೆ ಚಿಕ್ಕ ಟೇಪು ಅಂಟಿಸಿದ. ಧೂಳು ಕೂರದಿರಲಿ ಎಂದು ತಾನೇ ಕಡೆದ ಕಪ್ಪು ಮುಚ್ಚಳವೊಂದನ್ನು ಮುಂದಿನ ಗಾಜಿಗೆ ಒತ್ತಿ ಕೂರಿಸಿದ.

"ಅಮ್ಮನಿಗೆ... ನಿಮ್ಮ ದೊಡ್ಡಮ್ಮನಿಗೆ ಏನೂ ಆಗೋದಿಲ್ಲ," ಎಂದ, ಅವಳಿಗಿಂತ ಹೆಚ್ಚು ಗಾಬರಿಯಿಂದ. ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಸ್ವಲ್ಪ ಹಗುರವಾಯಿತು. ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು, ಬೆನ್ನು ತಿರುಗಿಸದೆ, ನೇರವಾಗಿ ನೋಡಿದಳು. ಚುಕ್ಕಿ ಎರಡು ಬಿಂಬಗಳನ್ನು ಸೇರಿಸಿ, ಉಸಿರು ಹಿಡಿದು, ಮೂವತ್ತಾರು ಸಲ ಒತ್ತಿದಳು. ಪ್ರತಿ ಸಲವೂ ಗುಂಡಿ ತಿರುಗಿತು.

ಒಂಬತ್ತು ದಿನದ ಮೇಲೆ ಭಗವಂತ ದೊಡ್ಡಮ್ಮನನ್ನು ಕರೆದುಕೊಂಡ.

ಕಾರ್ಯವೆಲ್ಲ ಮುಗಿದ ಮೇಲೆ ಅವಳು ಕ್ಯಾಮೆರಾವನ್ನು ಹಾಗೆಯೇ ಚೀಲದಲ್ಲಿ ಹಿಡಿದು ಅಂಗಡಿಗೆ ಹೋದಳು. ಅವನು ಫಿಲಂ ತೊಳೆಯಲು ಒಳಕೋಣೆಗೆ ಹೋದ. ಹೊರಗೆ ಸ್ಟೂಲಿನ ಮೇಲೆ ಕೂತು ಕಾದಳು. ತುಂಬ ಹೊತ್ತಾಯಿತು. ಕೊನೆಗೆ ಅವನು ಒದ್ದೆ ಪಟ್ಟಿಯನ್ನು ಹಿಡಿದು ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

ಪಟ್ಟಿಯ ಉದ್ದಕ್ಕೂ ಏನೂ ಇರಲಿಲ್ಲ. ಕಿಟಕಿಯ ಗಾಜಿನಂತೆ ಖಾಲಿ.

"ನನ್ನ ತಪ್ಪು. ತೊಳೆಯೋ ಔಷಧಿ ಹಳೇದಾಗಿತ್ತು. ನೋಡ್ಲಿಲ್ಲ," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು.

"ಹನ್ನೊಂದು ದಿನ ನನಗೆ ಪಾಠ ಹೇಳಿದ್ರಿ. ಅದು ಹೀಗೆ, ಇದು ಹಾಗೆ ಅಂತ. ನಿಮ್ಮ ಔಷಧಿ ಸರಿಯಾಗಿದೆಯಾ ಅಂತ ನೋಡೋಕೆ ಒಂದು ನಿಮಿಷ ಸಿಗ್ಲಿಲ್ವಾ?"

ಅವನು ಕ್ಯಾಮೆರಾವನ್ನು ಅವಳ ಮುಂದೆ ಸರಿಸಿದ.

"ಆ ಕ್ಯಾಮೆರಾ ನೀವೇ ಇಟ್ಕೊಳ್ಳಿ. ನಿಮ್ಮ ಮುಖ ಇನ್ನೊಂದು ಸಲ ತೋರಿಸ್ಬೇಡಿ."

ಪಟ್ಟಿಯನ್ನು ಮಾತ್ರ ಕಿತ್ತುಕೊಂಡು ಹೋದಳು. ಖಾಲಿಯಾದರೂ ದೊಡ್ಡಮ್ಮನದಲ್ಲವೇ...

ಹೋದವರ ಮೇಲೆ ಕೋಪ ಮಾಡಿಕೊಳ್ಳಲಾಗದು. ದೇವರ ಮೇಲೆ ಮಾಡಿಕೊಳ್ಳಲು ಭಯ. ಬೈಯಲು ಬದುಕಿರುವವನೊಬ್ಬ ಸಿಕ್ಕಿದರೆ ದುಃಖಕ್ಕೆ ಎಷ್ಟೋ ಅನುಕೂಲ. ಮೂರು ತಿಂಗಳು ಅವಳು ಅವನನ್ನು ಬೈದುಕೊಂಡೇ ಎದ್ದಳು, ಬೈದುಕೊಂಡೇ ಮಲಗಿದಳು. ಅವನನ್ನು ಬೈಯದೆ ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಆದರೂ ಮಧ್ಯಾಹ್ನ ಊಟದ ಹೊತ್ತಾದರೆ ಕಾಲು ಬಸ್ ಸ್ಟಾಪಿನ ಕಡೆ ತಿರುಗುತ್ತಿತ್ತು. ಅದಕ್ಕೂ ಅವನನ್ನೇ ಬೈಯುತ್ತಿದ್ದಳು.

ಒಂದು ದಿನ, ಮುಚ್ಚಿಹೋದ ಫೋಟೋ ಸ್ಟುಡಿಯೋದ ಮುದುಕರೊಬ್ಬರು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಅಳತೆ ಪಟ್ಟಿ ತೆಗೆಯುವಾಗ ಡ್ರಾಯರಿನಿಂದ ಫಿಲಂ ಜಾರಿ ಬಿತ್ತು. ಅವರು ಎತ್ತಿ ಬೆಳಕಿಗೆ ಹಿಡಿದರು.

"ಅಯ್ಯೋ ಪಾಪ. ಯಾರಮ್ಮ ಮುಚ್ಚಳ ತೆಗೀದೆ ಫೋಟೋ ಹೊಡೆದದ್ದು?"

"ಯಾವ ಮುಚ್ಚಳ? ಅದು ತೊಳೆಯೋವಾಗ ಕೆಟ್ಟದ್ದು. ಔಷಧಿ ಹಳೇದಾಗಿತ್ತಂತೆ."

"ಯಾರು ಹೇಳಿದ್ದು? ಅಂಚು ನೋಡು ತಾಯಿ. ಒಂದು, ಎರಡು, ಮೂರು ಅಂತ ನಂಬರ್ ಕಪ್ಪಗೆ ಮೂಡಿದೆ. ಅದು ಕಂಪನಿಯವರು ಮೊದಲೇ ಹಾಕಿರ್ತಾರೆ. ಔಷಧಿ ಕೆಟ್ಟಿದ್ರೆ ಆ ನಂಬರೂ ಮೂಡ್ತಿರ್ಲಿಲ್ಲ. ಇದಕ್ಕೆ ಬೆಳಕೇ ಹೋಗಿಲ್ಲ. ಫಿಲಂ ಓಡಿತ್ತು ತಾನೆ?"

"ಓಡಿತ್ತು. ಗುಂಡಿ ತಿರುಗ್ತಿತ್ತು."

"ಹಾಗಾದ್ರೆ ಮುಚ್ಚಳವೇ. ರೇಂಜ್‌ಫೈಂಡರ್ ಆಗಿರ್ಬೇಕು. ಅದರಲ್ಲಿ ನಾವು ನೋಡೋ ಕಿಟಕಿ ಬೇರೆ, ಫಿಲಂ ನೋಡೋ ಗಾಜು ಬೇರೆ. ಮುಚ್ಚಳ ಇದ್ರೂ ನಮಗೆ ಎಲ್ಲಾ ಚೆನ್ನಾಗಿ ಕಾಣುತ್ತೆ. ನಾನೇ ಒಂದು ಮದುವೆ ಪೂರ್ತಿ ಹಾಗೆ ತೆಗೆದಿದ್ದೆ, ಹುಡುಗಿ ಅಪ್ಪ ಹೊಡೆಯೋಕೆ ಬಂದಿದ್ದ."

ಗಾಜಿಗೆ ಒತ್ತಿ ಕೂರಿಸಿದ ಆ ಕಪ್ಪು ಮುಚ್ಚಳ ಅವಳ ಕಣ್ಣ ಮುಂದೆ ಬಂತು. ಅದನ್ನು ತೆಗೆದ ನೆನಪು ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ.

ಕೋಟು ಅಲ್ಲೇ ಉಳಿಯಿತು. ಅವಳು ಎರಡು ಮಹಡಿಯನ್ನು ಹೇಗೆ ಹತ್ತಿದಳೋ ತಿಳಿಯದು.

"ಸುಳ್ಳು ಯಾಕೆ ಹೇಳಿದ್ರಿ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳು ಮೇಜಿನ ಮೇಲೆ ಎಸೆದ ಪಟ್ಟಿಯನ್ನು ನೋಡಿ ಎಲ್ಲವೂ ತಿಳಿದವನಂತೆ ನಿಟ್ಟುಸಿರು ಬಿಟ್ಟ.

"ಪೂರ್ತಿ ಸುಳ್ಳಲ್ಲ. ಮುಚ್ಚಳ ಹಾಕಿದ್ದು ನಾನು. ತೆಗೀಬೇಕು ಅಂತ ಹೇಳ್ಲಿಲ್ಲ. ಹನ್ನೊಂದು ದಿನ ಮುಚ್ಚಳ ಇಲ್ದೆ ಕಲಿಸಿದವನು, ಅವತ್ತು ನಿಮ್ಮ ಗಾಬರಿ ನೋಡಿ ಮರೆತೆ."

"ಅದನ್ನೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ನನ್ನನ್ನ ಬೈತಿರ್ಲಿಲ್ಲ. ನಿಮ್ಮನ್ನೇ ಬೈಕೋತಿದ್ರಿ. ಜೀವನಪೂರ್ತಿ."

"ಅದನ್ನ ತೀರ್ಮಾನ ಮಾಡೋಕೆ ನೀವ್ಯಾರು?"

"ಯಾರೂ ಅಲ್ಲ," ಎಂದ ಅವನು. ಪಟ್ಟಿಯನ್ನೇ ನೋಡುತ್ತ, "ಯಾರಾದ್ರೂ ಆಗ್ಬೇಕು ಅಂತ ಆಸೆ ಇತ್ತು," ಎಂದ.

ಅವಳ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಆಮೇಲೆ ಕಣ್ಣೀರು ಬಂತು. ಮೂರು ತಿಂಗಳಿಂದ ಕೋಪದ ಹಿಂದೆ ಅಡಗಿದ್ದುದೆಲ್ಲ ಒಟ್ಟಿಗೆ ಬಂತು. ಅವನು ಸ್ಟೂಲು ಎಳೆದು ಕೂರಿಸಿದ, ನೀರು ಕೊಟ್ಟ.

"ಅವಳದೊಂದು ಮುಖ ಇಲ್ಲ ನನ್ನ ಹತ್ರ," ಎಂದಳು ಕೊನೆಗೆ. "ಒಂದೂ ಇಲ್ಲ."

ಅವನು ಪಟ್ಟಿಯನ್ನು ನಿಧಾನವಾಗಿ ಬಿಡಿಸಿ ಮೇಜಿನ ಮೇಲೆ ಹರಡಿದ. ಒಂದು ನೋಟ್‌ಬುಕ್ ತೆರೆದು, ಪೆನ್ನು ತೆಗೆದ.

"ಫಿಲಂ ನೋಡ್ಲಿಲ್ಲ. ನೀವು ನೋಡಿದ್ದೀರಿ. ಮೂವತ್ತಾರು ಸಲ, ಉಸಿರು ಹಿಡಿದು. ಹೇಳಿ, ಬರ್ಕೋತೀನಿ. ಒಂದನೇದು?"

ಅವಳು ಕಣ್ಣು ಮುಚ್ಚಿದಳು. ಕಿಟಕಿ, ಕುರ್ಚಿ, ಬಿಳಿ ಕೂದಲಿನ ಮೇಲೆ ಬೆಳಗಿನ ಬೆಳಕು... ಎಲ್ಲವೂ ಇತ್ತು.

"ಒಂದನೇದರಲ್ಲಿ ದೊಡ್ಡಮ್ಮ ನಗ್ತಿದ್ದಾಳೆ. ಬಾಯಿ ತುಂಬಾ."

"ಯಾಕೆ?"

"'ಆ ಮೊಂಡ ನಿನಗೆ ಬೇಕೋ ಬೇಡ್ವೋ ಸರಿಯಾಗಿ ಹೇಳು, ನನಗೆ ಟೈಮಿಲ್ಲ' ಅಂದ್ಲು. ಬೇಡ ಅಂದೆ. ಅದಕ್ಕೆ."

ಅವನ ಪೆನ್ನು ನಿಂತಿತು. "ಎಲ್ಲಾ ಬರ್ಕೊಳ್ಳಲಾ?"

"ಬರ್ಕೊಳ್ಳಿ. ದಿನಕ್ಕೊಂದೇ ಹೇಳೋದು ನಾನು."

"ಮೂವತ್ತಾರು ದಿನ ಆಗುತ್ತೆ."

"ಆಗ್ಲಿ. ಅಷ್ಟರೊಳಗೆ ನೀವು ಕೇಳ್ಬೇಕಾದದ್ದು ಕೇಳಿರ್ತೀರಿ."

"ಏನನ್ನ?"

ಅವಳು ಹಣೆಗೆ ಕೈಯಿಟ್ಟುಕೊಂಡಳು. "ದೇವರೇ, ಇವರಿಗೆ ಇದನ್ನೂ ನಾನೇ ಕಲಿಸ್ಬೇಕಾ..."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಕೆಂಪಾದ.

"ಈಗಲೇ ಕೇಳಿದ್ರೆ?"

"ಕೇಳಿ ನೋಡಿ."

"ನನ್ನ ಮದುವೆ ಆಗ್ತೀರಾ?"

"ನಾಳೆ ಹೇಳ್ತೀನಿ," ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತ. "ಉತ್ತರ ಮನೇಲಿದೆ."